ಹೂವಿನಲ್ಲಿ ಕಾಣೆಯಾದ ಕೋಟುಗಳು

ಬಣ್ಣಕ್ಕೆ ಬಣ್ಣ ಹೊಂದಿಸುವುದರಲ್ಲಿ ಟೈಲರಮ್ಮನನ್ನು ಮೀರಿಸುವವರು ಆ ಊರಲ್ಲಿ ಇರಲಿಲ್ಲ. ಅವಳು ಹಾಕಿದ ಹೊಲಿಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದರೂ ಸಿಗದು. ಊರೆಲ್ಲ ಹೊಗಳುತ್ತಿತ್ತು. ಹೊಗಳದವರು ಒಬ್ಬರೇ, ಅವಳ ಅತ್ತೆ. ಅಂಗಡಿ ಮೊದಲು ಅತ್ತೆಯದೇ; ಸೊಸೆಗೆ ಕತ್ತರಿ ಹಿಡಿಯಲು ಕಲಿಸಿದವರೂ ಅವರೇ. ಈಗ ಕಣ್ಣು ಮಂಜಾಗಿ ಮಿಷನ್ ಬಿಟ್ಟಿದ್ದಾರೆ. ಆದರೂ ಸೊಸೆ ಹೊಲಿದದ್ದು ಕೈಗೆ ಸಿಕ್ಕರೆ ಸಾಕು, ಒಳಮೈ ಹೊರಗೆ ಮಾಡಿ, ಹೊಲಿಗೆಯ ಮೇಲೆ ಬೆರಳಾಡಿಸಿ, “ಹ್ಞೂಂ” ಎಂದು ಮಡಚಿಡುತ್ತಾರೆ. ಆ “ಹ್ಞೂಂ” ಅಂದರೆ ಏನು ಎಂದು ತಲೆ ಕೆಡಿಸಿಕೊಂಡೇ ಟೈಲರಮ್ಮನ ಅರ್ಧ ಆಯಸ್ಸು ಕಳೆದಿತ್ತು. ಒಂದು ಸಲ, ಒಂದೇ ಒಂದು ಸಲ, ಚೆನ್ನಾಗಿದೆ ಅನ್ನಬಾರದೇ? ಬಾಯೇನು ಸವೆದುಹೋಗುತ್ತದೆಯೇ?

ವಸಂತ ಬಂದು ಊರಾಚೆಯ ಗುಡ್ಡದ ತುಂಬ ಹಳದಿ ಕಾಡುಹೂ ಅರಳಿತು. ಮನೆಮಂದಿಯೆಲ್ಲ ಅಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಬೇಕು, ಎಲ್ಲರ ಮೈಮೇಲೂ ತನ್ನ ಹೊಲಿಗೆಯೇ ಇರಬೇಕು, ಅದನ್ನು ಅಂಗಡಿಯ ಗೋಡೆಗೆ ಹಾಕಬೇಕು ಎಂದು ಟೈಲರಮ್ಮ ಹಟ ಹಿಡಿದಳು. ಆಗಲಾದರೂ ಅತ್ತೆ ಒಂದು ಒಳ್ಳೆಯ ಮಾತು ಆಡಿಯಾರು ಎಂಬ ಆಸೆ. ಒಂದು ಹೂ ಕಿತ್ತು ಬಟ್ಟೆ ಅಂಗಡಿಗೆ ಒಯ್ದಳು. ಥಾನಿನ ಮೇಲೆ ಥಾನು ಬಿಚ್ಚಿಸಿ, ಅಂಗಡಿಯವನ ಪ್ರಾಣ ತಿಂದು, ಆ ಹೂವಿನದೇ ಹಳದಿಯನ್ನು ಹುಡುಕಿ ತಂದಳು. ಗುಡ್ಡದ ಗಾಳಿಗೆ ಬೆಚ್ಚಗಿರಲೆಂದು ಎಲ್ಲರಿಗೂ ಕೋಟು. ಒಳಗೆ ಗಾಢ ನೀಲಿ ಲೈನಿಂಗ್.

ಅತ್ತೆ, ಗಂಡ, ಮಗಳು, ಟೈಲರಮ್ಮ, ನಾಲ್ವರೂ ಎದೆಮಟ್ಟದ ಹೂವಿನಲ್ಲಿ ನಿಂತರು. ಸ್ಟುಡಿಯೋದವನು ಒಂದು ಫೋಟೊ ತೆಗೆದು ಕ್ಯಾಮೆರಾ ನೋಡಿದ, ಕೆಮ್ಮಿದ, ಕೊನೆಗೆ ನಗು ತಡೆಯಲಾರದೆ ತೋರಿಸಿಯೇಬಿಟ್ಟ. ಕೋಟುಗಳು ಮಾಯ! ಹಳದಿಯ ಮೇಲೆ ನಾಲ್ಕು ತಲೆಗಳು ಮಾತ್ರ ಕುಳಿತಿದ್ದವು. ಬಸ್ ಓಡಿಸುವ ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ. ಇವಳ ಮ್ಯಾಚಿಂಗ್ ಹುಚ್ಚಿಗೆ ನಾವೇ ಕಾಣೆಯಾದೆವು ಎಂದ. ಕೋಟು ತೆಗೆದಿಟ್ಟು ನಿಲ್ಲೋಣ ಎಂದಳು ಮಗಳು. ಟೈಲರಮ್ಮನಿಗೆ ನಾಚಿಕೆಯಿಂದ ನೆಲಕ್ಕಿಳಿದುಹೋದಂತಾಯಿತು. ಅದೂ ಅತ್ತೆಯ ಎದುರಿಗೇ.

ಅತ್ತೆ ತಮ್ಮ ಕೋಟು ಬಿಚ್ಚಿ, ಎಂದಿನಂತೆ ಒಳಮೈ ಹೊರಗೆ ಮಾಡಿ, ತೋಳಿನ ಹೊಲಿಗೆಯುದ್ದಕ್ಕೂ ಬೆರಳಾಡಿಸಿದರು. “ಹ್ಞೂಂ” ಎಂದರು. ಆದರೆ ಮಡಚಲಿಲ್ಲ, ಹಾಗೇ ತೊಟ್ಟುಕೊಂಡರು.

“ಎಲ್ಲಾರೂ ತಿರುಗಿಸಿ ಹಾಕ್ಕೊಳ್ಳಿ,” ಎಂದರು. “ಇವಳ ಹೊಲಿಗೆ ಒಳಗೂ ಹೊರಗೂ ಒಂದೇ. ಇಷ್ಟು ವರ್ಷ ಹುಡುಕಿದೀನಿ, ಒಂದು ತಪ್ಪು ಸಿಕ್ಕಿಲ್ಲ ನನಗೆ.”

ಗಂಡನ ನಗು ನಿಂತಿತು. ಟೈಲರಮ್ಮ ತನ್ನ ಕೋಟು ತಿರುಗಿಸಿ ತೊಟ್ಟು, ಮಗಳ ಕೋಟಿನ ತೋಳನ್ನೂ ಎಳೆದು ಸರಿಮಾಡಿದಳು. ಒಳಮೈ ಹೊರಗಾದ್ದರಿಂದ ಗುಂಡಿ ಹಾಕಲು ಬರಲಿಲ್ಲ. ಎಲ್ಲರೂ ಕೋಟಿನ ಎರಡು ಅಂಚುಗಳನ್ನು ಎದೆಯ ಮೇಲೆ ಕೈಯಲ್ಲೇ ಕೂಡಿಸಿ ಹಿಡಿದು ನಿಂತರು. ಹಳದಿ ಹೂವಿನ ನಡುವೆ ನೀಲಿ ಎದ್ದು ಕಂಡಿತು, ಒಂದು ನೂಲಿನ ತುದಿಯೂ ಇಣುಕಲಿಲ್ಲ.

ಆ ಫೋಟೊ ಈಗ ಅಂಗಡಿಯ ಗೋಡೆಯ ಮೇಲಿದೆ. ಹಳದಿ ಅಂಚಿನ ನೀಲಿ ಕೋಟು ಯಾವ ಹೊಸ ಮಾದರಿ ಎಂದು ಗಿರಾಕಿಗಳು ಕೇಳುತ್ತಾರೆ. ಉತ್ತರ ಕೊಡುವವರು ಬಾಗಿಲ ಬಳಿ ಕುರ್ಚಿ ಹಾಕಿಕೊಂಡ ಅತ್ತೆ.

“ಅದು ಒಳಮೈ. ನನ್ನ ಸೊಸೆ ಹೊಲಿದಿದ್ದು.”

ಎಷ್ಟೇ ಅವಸರದ ಕೆಲಸವಿರಲಿ, ಆ ಮಾತು ಮುಗಿಯುವವರೆಗೆ ಟೈಲರಮ್ಮ ಮಿಷನ್ ನಿಲ್ಲಿಸಿರುತ್ತಾಳೆ.