ಅಕ್ಕನ ಕೈಯ ಕದಿರು

ನನ್ನ ಅಕ್ಕನಿಗೆ ಇದ್ದುದಕ್ಕೆ ಈಗ ಆಟಿಸಂ ಎನ್ನುತ್ತಾರೆ. ಅರವತ್ತರ ದಶಕದಲ್ಲಿ, ತೆಕ್ಕಟ್ಟೆಯ ಹೆದ್ದಾರಿಯಿಂದ ಗದ್ದೆಯ ಅಂಚಿನಲ್ಲಿ ನಡೆದು ಸೇರಬೇಕಾದ ನಮ್ಮ ಮನೆಯಲ್ಲಿ, ಅದಕ್ಕೆ ಎರಡೇ ಹೆಸರಿದ್ದವು: ಹಟ, ಇಲ್ಲವೇ ದೈವದ ಮುನಿಸು. ಮನೆಯ ಯಜಮಾನಿಕೆ ಸೋದರಮಾವನದು. ದನ ಕೆಮ್ಮಿದರೂ ಅವರಿಗೆ ದೈವದ ನೆನಪಾಗುತ್ತಿತ್ತು. ಒಳ್ಳೆಯವರೇ, ಆದರೆ ತಾಳ್ಮೆ ಮಾತ್ರ ಅವರ ಹತ್ತಿರ ಸುಳಿದಿರಲಿಲ್ಲ.

ಅಕ್ಕನಿಗೆ ಹದಿನೈದರ ಆಸುಪಾಸು. ಮಾತು ಬಲು ಕಡಿಮೆ. ಚಾಪೆ, ಚೆಂಬು, ತರಕಾರಿ ಹೆಚ್ಚುವ ಮೆಟ್ಟುಗತ್ತಿ ಎಲ್ಲವೂ ಇದ್ದಲ್ಲೇ ಇರಬೇಕು. ಜಾಗ ತಪ್ಪಿದರೆ ಕಿವಿ ಮುಚ್ಚಿಕೊಂಡು ಕಿರುಚುವಳು, ತನ್ನ ಕೈಯನ್ನೇ ಕಚ್ಚಿಕೊಳ್ಳುವಳು. ಅಂಥವಳಿಗೆ ಹೊಸ್ತಿನ ಹಬ್ಬವೆಂದರೆ ನರಕ. ಅಂದು ಹೊಸ ಪೈರಿನ ಕದಿರನ್ನು ಮಾವಿನೆಲೆ, ಹಲಸಿನೆಲೆಯಲ್ಲಿ ಸುತ್ತಿ, ಮನೆಗೆ ಸೇರಿದ ಪ್ರತಿಯೊಂದಕ್ಕೂ ನಾರಿನಿಂದ ಕಟ್ಟುತ್ತಾರೆ. ಕಂಬ, ಬಾಗಿಲು, ನೇಗಿಲು, ಬಾವಿಕಟ್ಟೆ, ಒಂದನ್ನೂ ಬಿಡುವಂತಿಲ್ಲ. ಪ್ರತಿ ವರ್ಷ ಅಕ್ಕ ಅಳುತ್ತಿದ್ದಳು. ಒಂದು ವರ್ಷ ಎದ್ದವಳೇ ಕಟ್ಟಿದ್ದನ್ನೆಲ್ಲ ಕಿತ್ತು ಅಂಗಳಕ್ಕೆ ಎಸೆದಳು. ಮಾವ ಕೆಂಡಾಮಂಡಲವಾದರು.

“ಬಪ್ಪು ವರ್ಷ ಹೊಸ್ತಿನ್ ದಿನ ಇದನ್ನ ಉಗ್ರಾಣದಗೆ ಕೂಡಿ ಬೀಗ ಹಾಕುದೇ!”

ಅಮ್ಮ ಅಂದು ಊಟ ಮಾಡಲಿಲ್ಲ. ಕತ್ತಲಿಗೆ ಹೆದರುವ ಮಗಳನ್ನು ಕಿಟಕಿಯಿಲ್ಲದ ಉಗ್ರಾಣದಲ್ಲಿ ಕೂಡಿಹಾಕಿದರೆ ಏನಾದೀತೆಂದು ಅವರಿಗೆ ಗೊತ್ತಿತ್ತು. ಆದರೆ ಮಾವನ ಮಾತಿಗೆ ಎದುರಾಡುವವರು ಮನೆಯಲ್ಲಿರಲಿಲ್ಲ.

ಮರುಬೇಸಿಗೆಯಲ್ಲಿ ಅಣ್ಣನ ಮದುವೆಯಾಗಿ ಕಿರಿಮಂಜೇಶ್ವರದ ಕಡೆಯಿಂದ ಅತ್ತಿಗೆ ಬಂದರು. ಮರುದಿನವೇ ಅಕ್ಕ ಅವರ ಕೋಣೆಯ ಮೂಲೆಯಲ್ಲಿದ್ದ ತಗಡಿನ ಟ್ರಂಕನ್ನು ದರದರ ಎಳೆದು ಜಗಲಿಗೆ ತಂದು ಹಾಕಿದಳು. ಒಳಗಿಟ್ಟರೆ ಮತ್ತೆ ಹೊರಗೆ. ಅಮ್ಮ ಓಡಿ ಬಂದರು. ಅತ್ತಿಗೆ ಕೋಪಿಸಿಕೊಳ್ಳಲಿಲ್ಲ. “ಅತ್ತೆ, ಈ ಮೂಲೆಗ್ ಮುಂಚೆ ಎಂತ ಇದ್ದಿತ್?” ಎಂದು ಕೇಳಿದರು, ಅಷ್ಟೇ.

ಅಲ್ಲಿ ಅಕ್ಕಿ ಕೇರುವ ಗೆರಸಿ ಇರುತ್ತಿತ್ತು. ಅತ್ತಿಗೆ ಗೆರಸಿಯನ್ನು ಮತ್ತೆ ಅಲ್ಲೇ ಒರಗಿಸಿ, ಟ್ರಂಕನ್ನು ಎದುರಿನ ಗೋಡೆಗೆ ಸರಿಸಿದರು. ಗಲಾಟೆ ಅಲ್ಲಿಗೆ ಮುಗಿಯಿತು. ಶಂಕರನಾರಾಯಣ ದೇವಸ್ಥಾನದವರೆಗೆ ಹೋಗಿ ಹರಕೆ ಹೊತ್ತ ನಮಗೆ, ಮೂಲೆಯ ಕಡೆ ಒಮ್ಮೆ ಕಣ್ಣು ಹಾಯಿಸಬೇಕೆಂದು ಹೊಳೆದಿರಲಿಲ್ಲ! ಅತ್ತಿಗೆಯನ್ನು ನೆನೆದಾಗಲೆಲ್ಲ ನನಗೆ ಈಗಲೂ ಕೈ ಮುಗಿಯಬೇಕೆನಿಸುತ್ತದೆ.

ಹೊಸ್ತು ಹತ್ತಿರವಾಗುತ್ತಿದ್ದಂತೆ ಅಮ್ಮ ಅಳುತ್ತಾ ಉಗ್ರಾಣದ ವಿಷಯ ಹೇಳಿದರು.

“ಆ ಹೆಣ್ಣಿಗ್ ಹಟ ಅಲ್ಲ ಅತ್ತೆ, ಹೆದ್ರಿಕೆ,” ಎಂದರು ಅತ್ತಿಗೆ. “ಬೆಳಿಗ್ಗೆ ಎದ್ದ್ ಕಾಂಬತಿಗೆ ಮನಿಯೇ ಬೇರೆ ಆಯಿದ್ರೆ ನಮ್ಗೂ ಹೆದ್ರಿಕೆ ಆತಿಲ್ಯಾ?”

ಹಬ್ಬಕ್ಕೆ ಬಹಳ ಮೊದಲೇ ಅವರು ಅಕ್ಕನ ಕಣ್ಣೆದುರಿಗೆ ಜಗಲಿಯ ಒಂದು ಕಂಬಕ್ಕೆ ಬರೀ ಮಾವಿನೆಲೆ ಕಟ್ಟಿದರು. ಅಕ್ಕ ಕಿತ್ತಳು. ಯಾರೂ ಬೈಯಲಿಲ್ಲ. ಮರುದಿನ ಅದೇ ಕಂಬ, ಅದೇ ಹೊತ್ತು. ಬರಬರುತ್ತಾ ಕೀಳುವುದು ನಿಂತು, ಎಲೆಯನ್ನು ಮೂಸಿ ನೋಡುವುದು ಶುರುವಾಯಿತು. ಆಮೇಲೆ ಅತ್ತಿಗೆ ನಾರನ್ನು ಅವಳ ಕೈಗೇ ಕೊಟ್ಟರು. ಅವಳು ಹಾಕಿದ ಗಂಟು ನನ್ನದಕ್ಕಿಂತ ಎಷ್ಟೋ ಚೆಂದವಿತ್ತು.

“ಕಂಡ್ಯಾ? ಅಕ್ಕನ್ ಹತ್ರ ಕಲ್ತ್ಕೋ ಮಾರಾಯ್ತಿ,” ಎಂದು ಅತ್ತಿಗೆ ನನ್ನನ್ನು ಛೇಡಿಸುತ್ತಿದ್ದರು.

ಇನ್ನು ಉಳಿದದ್ದು ಮಾವ. ಕದಿರು ಕಟ್ಟುವುದು ಯಜಮಾನನೇ ಮಾಡಬೇಕಾದ ಕೆಲಸ. ಹಬ್ಬದ ಬೆಳಿಗ್ಗೆ ಅವರು ಕದಿರಿನ ಬುಟ್ಟಿ ಹಿಡಿದು ಜಗಲಿಗೆ ಬಂದಾಗ ಉಗ್ರಾಣದ ಬೀಗದ ಕೈ ಸೊಂಟದಲ್ಲೇ ತೂಗುತ್ತಿತ್ತು. ಅತ್ತಿಗೆ ತಲೆ ತಗ್ಗಿಸಿ ಎದುರು ನಿಂತರು.

“ಮಾವಯ್ಯ, ಒಂದ್ ಕಂಬ ಅದ್ಕ್ ಬಿಡಿ. ಕಿತ್ರೆ ಮತ್ತೆ ನಿಮ್ಮಿಷ್ಟ.”

ಮಾವ ಏನೋ ಗೊಣಗಿ ಒಂದು ಕದಿರನ್ನು ಚಾಚಿದರು. ಅಮ್ಮ ಬಾಗಿಲು ಹಿಡಿದುಕೊಂಡು ಕಣ್ಣು ಮುಚ್ಚಿದ್ದರು. ಅಕ್ಕ ಕದಿರನ್ನು ತೆಗೆದುಕೊಂಡು ಅದೇ ಕಂಬಕ್ಕೆ ಕಟ್ಟಿದಳು. ಕಟ್ಟಿ, ಮತ್ತೆ ಕೈ ಒಡ್ಡಿದಳು. ಮತ್ತೊಂದು, ಮಗದೊಂದು. ಸ್ವಲ್ಪ ಹೊತ್ತಿನಲ್ಲಿ ಮಾವನೇ ಬುಟ್ಟಿ ಹಿಡಿದು ಅವಳ ಹಿಂದೆ ಹಿಂದೆ ತಿರುಗುತ್ತಿದ್ದರು. ಉಗ್ರಾಣದ ಬೀಗಕ್ಕೂ ಕಟ್ಟಿದಳು.

“ಹ್ವಾಯ್, ಬಾವಿಕಟ್ಟೆ ಬಿಟ್ಟ್ ಹೋಯ್ತ್ ಕಾಣ್!” ಎಂದು ನೆನಪಿಸಿದವರೂ ಅವರೇ.

ಕೊನೆಗೆ ಬುಟ್ಟಿಯಲ್ಲಿ ಒಂದೇ ಕದಿರು ಉಳಿಯಿತು. ಅಕ್ಕ ಅದನ್ನು ಹಿಡಿದು ಅತ್ತಿಗೆಯ ಕೋಣೆಗೆ ನಡೆದಳು. ನಾವೆಲ್ಲ ಹಿಂದೆಯೇ ಹೋದೆವು. ಅವಳು ಟ್ರಂಕಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತಾಗ, ಮತ್ತೆ ಎಳೆದು ಹೊರಹಾಕುತ್ತಾಳೆಂದೇ ನಾನು ಎಣಿಸಿದೆ. ಅವಳು ಟ್ರಂಕಿನ ಹಿಡಿಕೆಗೆ ಕದಿರು ಕಟ್ಟಿದಳು. ಗಂಟನ್ನು ಎರಡೆರಡು ಸಲ ಎಳೆದು ನೋಡಿ, ಎದ್ದು ಊಟದ ಸಾಲಿಗೆ ಹೋದಳು.

ಅತ್ತಿಗೆ ಬಾಗಿಲಲ್ಲೇ ನಿಂತು ಅತ್ತುಬಿಟ್ಟರು.

“ಅಳುದ್ ಎಂತಕ್ಕೆ ಮಗಾ? ಉಂಬುಕೆ ಬಾ,” ಎಂದರು ಅಮ್ಮ, ತಾವೂ ಅಳುತ್ತಾ.