ಶಂಕ್ರೆವ್ವನ ಕೆಂಪು ಚಹಾ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಗೊಳಸಂಗಿಯ ನಮ್ಮ ಪಕ್ಕದ ಮನೆಯ ಶಂಕ್ರೆವ್ವನಿಗೆ ಆ ಗಾದೆಯ ಮೊದಲರ್ಧವಷ್ಟೇ ಬರುತ್ತದೆ. ಎರಡನೆಯದರ ಗೊಡವೆಗೆ ಅವಳು ಹೋದವಳಲ್ಲ.

ಅವಳ ಹೊಲದ ಬದುವಿನ ತುಂಬ ಕೆಂಪು ಪುಂಡಿ, ದಾಸವಾಳದ ಬಳಗದ್ದೇ ಗಿಡ. ಸೊಪ್ಪಿಗೆ ನುಚ್ಚು ಹಾಕಿ ಪಲ್ಯ ಮಾಡುತ್ತಾಳೆ. ಕಾಯಿಯನ್ನು ಮುಚ್ಚಿಕೊಂಡ ದಪ್ಪ ಕೆಂಪು ಎಸಳುಗಳಿಗೆ ಬೆಲ್ಲ, ಮೆಣಸಿನಕಾಯಿ ಸೇರಿಸಿ ಚಟ್ನಿ ಕುಟ್ಟುತ್ತಾಳೆ. ಉಳಿದ ಎಸಳು ಒಣಗಿ ಡಬ್ಬಿ ಸೇರುತ್ತವೆ. ಅವನ್ನು ಶುಂಠಿಯೊಡನೆ ಕುದಿಸಿ ಕುಡಿದರೆ ಬಿಪಿ ಇಳಿಯುತ್ತದೆಂದು ಮೊಮ್ಮಗಳು ಸುನೀತಾ ಫೋನಿನಲ್ಲಿ ತೋರಿಸಿದ್ದೇ ತಡ, ಬಿಪಿ ಇದ್ದವರು ಆ ಮನೆಯ ಮುಂದೆ ಹಾಯುವುದೇ ಕಷ್ಟವಾಯಿತು. ಕರೆದು ಕುಡಿಸದೆ ಬಿಡುತ್ತಿರಲಿಲ್ಲ. ಹುಳಿ ಚಹಾ, ಆದರೂ ಬೇಸಿಗೆಯಲ್ಲಿ ನಾನೇ ಕೇಳಿ ಕುಡಿದಿದ್ದೇನೆ.

ಶ್ರಾವಣ ಸೋಮವಾರ, ನಾಗರ ಪಂಚಮಿಗೆ ತಂಗಿಯನ್ನು ತವರಿಗೆ ಕರೆದೊಯ್ಯಲು ಶಂಕ್ರೆವ್ವನ ಅಣ್ಣ ಪರಸಪ್ಪ ಬಂದ. ಎಪ್ಪತ್ತರ ಹತ್ತಿರದವನು. ತವರಿನಿಂದ ಅವಳನ್ನು ಕರೆಯಲು ಉಳಿದಿರುವವನು ಅವನೊಬ್ಬನೇ. ದಿನಾ ಬಿಪಿ ಗುಳಿಗೆ ನುಂಗುತ್ತಾನೆ. ಸೋಮವಾರ ಸಂಜೆಯ ಪೂಜೆಯವರೆಗೆ ಏನೂ ತಿನ್ನುವುದಿಲ್ಲ, ಚಹಾಕ್ಕೆ ಮಾತ್ರ ಅಡ್ಡಿಯಿಲ್ಲ. ಶಂಕ್ರೆವ್ವ ಮಧ್ಯಾಹ್ನದೊಳಗೆ ನಾಲ್ಕು ಲೋಟ ಕೆಂಪು ಚಹಾ ಕುಡಿಸಿದಳು. ಎದ್ದು ಚಪ್ಪಲಿ ಮೆಟ್ಟಲು ಹೋದವನು ಹೊಸ್ತಿಲಲ್ಲೇ ಕುಸಿದ.

ನಮ್ಮೂರ ಹಾಜಿಮಲಂಗನ ಆಟೋದಲ್ಲಿ ಬಾಗೇವಾಡಿಯ ಆಸ್ಪತ್ರೆಗೆ ಓಡಿದೆವು. ಶಂಕ್ರೆವ್ವ ಬಾಯಿ ಮುಚ್ಚಿಕೊಂಡಿದ್ದನ್ನು ನಾನು ನೋಡಿದ್ದು ಅಂದೇ. ಅಣ್ಣನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಒಮ್ಮೆ ಮಾತ್ರ ಅಂದಳು: "ನನ್ನ ತವರಮನಿ ನಾನೇ ಮುಗಿಸಿದ್ನೇನೋ." ನನಗೂ ಹೆದರಿಕೆಯಾಗಿತ್ತು.

ಡಾಕ್ಟರು ಸಲೈನ್ ಹಚ್ಚಿದರು. ತಾಸಿನೊಳಗೆ ಪರಸಪ್ಪ ಎದ್ದು ಕೂತ. ಗುಳಿಗೆ ಬಿಪಿ ಇಳಿಸುತ್ತದೆ, ಆ ಚಹಾವೂ ಇಳಿಸಬಹುದು. ಬರಿಹೊಟ್ಟೆಯಲ್ಲಿ ಎರಡೂ ಸೇರಿ ಹೀಗಾಗಿದೆ, ಜೀವಕ್ಕೇನೂ ಭಯವಿಲ್ಲ ಎಂದರು. ಗುಳಿಗೆ ನುಂಗುವವರಿಗೆ ನಮ್ಮನ್ನು ಕೇಳದೆ ಇಂಥದ್ದನ್ನು ಕುಡಿಸಬೇಡ ಎಂದು ಶಂಕ್ರೆವ್ವನನ್ನು ಬೈದರು. ಅವಳು ಆ ಬೈಗುಳವನ್ನು ಪ್ರಸಾದದಂತೆ ತೆಗೆದುಕೊಂಡಳು. ನನಗೂ ಹೋದ ಜೀವ ಬಂದಂತಾಯಿತು.

ಮನೆಗೆ ಬಂದವಳೇ ಡಬ್ಬಿ ಎತ್ತಿಕೊಂಡು ತಿಪ್ಪೆಯ ಕಡೆ ಹೊರಟಳು. ಪರಸಪ್ಪ ತಡೆದ.

"ಪುಂಡೀದೇನ ತಪ್ಪೈತಿ? ಒಳಗ ಇಡು. ನನಗ ರೊಟ್ಟಿ ಹಾಕು."

ಹೊತ್ತು ಇನ್ನೂ ಮುಳುಗಿರಲಿಲ್ಲ. ಇವತ್ತು ಸೋಮವಾರ ಎಂದು ಅವಳು ನೆನಪಿಸಿದಳು.

"ಗೊತ್ತೈತಿ. ನಾ ಉಣ್ಣೂತನಕ ನಿನ್ನ ಕೈ ನಡಗೂದು ನಿಲ್ಲಂಗಿಲ್ಲ. ಶಿವಗ ನಾ ಹೇಳ್ಕೋತೇನಿ."

ನಲವತ್ತು ವರ್ಷದ ಸೋಮವಾರ ಮುರಿದು ಅವನು ರೊಟ್ಟಿ, ಪುಂಡಿಪಲ್ಯ ಉಂಡ. ಅವಳು ಎದುರಿಗೆ ಕೂತು ಒಂದೊಂದು ತುತ್ತು ಇಳಿಯುವುದನ್ನೂ ನೋಡಿದಳು. ಮೂರನೆಯ ರೊಟ್ಟಿ ಹಾಕುವಾಗ ಅವಳ ಕೈ ನಡುಗುತ್ತಿರಲಿಲ್ಲ.