ಗೀರು ಬಿದ್ದ ನಿಮಿಷ

ನನ್ನ ಸೋದರಮಾವ ಸಿನಿಮಾ ಡಿಸ್ಕ್‌ಗಳ ಅಂಗಡಿ ಇಟ್ಟು ಇಪ್ಪತ್ತಾರು ವರ್ಷವಾಯಿತು. ಆದರೆ ಒಂದೇ ಒಂದು ಸಿನಿಮಾವನ್ನೂ ಪೂರ್ತಿ ನೋಡಿದವನಲ್ಲ ಎಂದರೆ ಯಾರೂ ನಂಬುವುದಿಲ್ಲ. ಗೀರು ಬಿದ್ದ ಡಿಸ್ಕ್ ಕೈಗೆ ಸಿಕ್ಕರೆ ಸಾಕು, ಅವನಿಗೆ ಊಟ ತಿಂಡಿಯ ನೆನಪೇ ಇರುವುದಿಲ್ಲ. ಮೆತ್ತನೆಯ ಬಟ್ಟೆಗೆ ಚೂರು ಟೂತ್‌ಪೇಸ್ಟ್ ಹಚ್ಚಿಕೊಂಡು, ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಉಜ್ಜುತ್ತಾನೆ. ಸುತ್ತ ಉಜ್ಜಿದರೆ ಕೆಟ್ಟಿತು. ಆಮೇಲೆ ಚಿತ್ರ ಎಲ್ಲಿ ಸಿಕ್ಕಿಕೊಳ್ಳುತ್ತಿತ್ತೋ ಆ ಜಾಗವನ್ನಷ್ಟೇ ಹಾಕಿ ನೋಡುತ್ತಾನೆ. ಸರಾಗವಾಗಿ ಓಡಿದರೆ ಒಂದು ಚೀಟಿಯಲ್ಲಿ ಪೆನ್ಸಿಲಿನಿಂದ ನಿಮಿಷ ಬರೆದು, ಪಕ್ಕದಲ್ಲಿ ‘ಸರಿಹೋಯಿತು’ ಎಂದು ಸೇರಿಸಿ, ಡಬ್ಬಿಯೊಳಗೆ ಹಾಕಿ ಕಪಾಟಿನಲ್ಲಿಡುತ್ತಾನೆ.

ಹೀಗಾಗಿ ಸಾವಿರಾರು ಸಿನಿಮಾಗಳಲ್ಲಿ ಅವನು ಬಲ್ಲದ್ದು ತಲಾ ಒಂದೊಂದು ನಿಮಿಷ. ಒಂದರಲ್ಲಿ ಯಾರೋ ಬಾಗಿಲು ತೆರೆಯುತ್ತಾರೆ. ಇನ್ನೊಂದರಲ್ಲಿ ಕುದುರೆ ನೀರು ಕುಡಿಯುತ್ತದೆ. ಯಾರ ಮನೆ ಬಾಗಿಲು, ಎಲ್ಲಿಯ ಕುದುರೆ, ಕೇಳಬಾರದು.

“ಕತೆನೇ ಗೊತ್ತಿಲ್ದೆ ನೋಡಿದ್ರೆ ಏನ್ ಸುಖ ಮಾವ?” ಎಂದು ನಾನು ರೇಗಿದರೆ, “ಕನಸಿಗೂ ತಲೆ ಬುಡ ಇರಲ್ಲ. ಹಾಗಂತ ನಿದ್ದೆ ಮಾಡೋದು ಬಿಡ್ತೀಯಾ?” ಎನ್ನುತ್ತಾನೆ. ಇಂಥವನ ಜೊತೆ ವಾದ ಮಾಡುವುದು ನನ್ನ ಹಣೆಬರಹ.

ಈಗ ಡಿಸ್ಕ್ ಕೇಳಿಕೊಂಡು ಬರುವವರು ಯಾರು? ಸೋಫಾದಲ್ಲಿ ಕೂತು ಗುಂಡಿ ಒತ್ತಿದರೆ ಸಿನಿಮಾ ನಮ್ಮದಾಗುತ್ತದೆ. ನಾನೂ ಹಾಗೇ ಕೊಳ್ಳುವವಳು. “ಇದನ್ನೆಲ್ಲ ಗುಜರಿಗೆ ಹಾಕು” ಎಂದು ಬಾಯಿ ನೋಯುವಷ್ಟು ಹೇಳಿದ್ದೇನೆ. ಆದರೂ ಮಧ್ಯಾಹ್ನ ಮೂರರ ಹೊತ್ತಿಗೆ ಅಲ್ಲಿಗೇ ಹೋಗಿ ಕೂರುತ್ತೇನೆ. ಆಗ ಬಿಸಿಲು ಅಂಗಡಿಯೊಳಗೆ ಬರುತ್ತದೆ. ಉಜ್ಜಿ ತೊಳೆದು ಒರಗಿಸಿಟ್ಟ ಡಿಸ್ಕ್‌ಗಳಿಗೆ ತಾಗಿ ಛಾವಣಿಯ ಮೇಲೆ ಬಣ್ಣದ ಉಂಗುರಗಳು ಮೂಡುತ್ತವೆ. ಫ್ಯಾನಿನ ಗಾಳಿಗೆ ಡಿಸ್ಕ್ ಅಲುಗಿದರೆ ಉಂಗುರವೂ ಅಲುಗುತ್ತದೆ. ಅದನ್ನೇ ನೋಡುತ್ತ ಮಾವ ಅರ್ಧ ನಿದ್ದೆಗೆ ಜಾರುತ್ತಾನೆ, ನಾನೂ ಜಾರುತ್ತೇನೆ.

ಅಂಥ ಒಂದು ಮಧ್ಯಾಹ್ನ ಎದುರು ಸಾಲಿನ ಟೈಲರಕ್ಕ ಒಳಗೆ ಬಂದರು. ಅಳತೆಯ ಟೇಪು ಇನ್ನೂ ಕೊರಳಲ್ಲೇ ಇತ್ತು.

“ಹೋದ ತಿಂಗಳು ನನ್ನ ಮಗಳು ಒಂದು ಚೀಲ ಡಿಸ್ಕು ತಂದು ಕೊಟ್ಲಂತಲ್ಲ, ಅದ್ರಲ್ಲಿ ಒಂದು ನಂಗೆ ವಾಪಸ್ ಬೇಕಿತ್ತು.”

ಯಾವುದೆಂದು ನಮಗೂ ಗೊತ್ತು. ಅವರ ಗಂಡ ಬಸ್ ಕಂಡಕ್ಟರಾಗಿದ್ದರು. ಅವರು ಓಡಾಡುವ ದಾರಿಯಲ್ಲೇ ಒಮ್ಮೆ ಶೂಟಿಂಗ್ ನಡೆದು, ಬಸ್ಸಿನ ಕಡೆ ನಡೆದು ಬರುತ್ತಿದ್ದ ಅವರೂ ಚಿತ್ರದಲ್ಲಿ ಬಿದ್ದುಬಿಟ್ಟಿದ್ದರು. ಥಿಯೇಟರಿಗೆ ಹೋಗಿ ನೋಡಲು ಗಂಡ ಹೆಂಡತಿಗೆ ಪುರುಸೊತ್ತಾಗಲಿಲ್ಲ. ಅವರು ತೀರಿಕೊಂಡ ಮೇಲೆ ಡಿಪೋದ ಗೆಳೆಯರು ಎಲ್ಲಿಂದಲೋ ಒಂದು ಹಳೆಯ ಡಿಸ್ಕ್ ಹುಡುಕಿ ತಂದುಕೊಟ್ಟಿದ್ದರು. ಎಂಟು ವರ್ಷದಿಂದ ಟೈಲರಕ್ಕನ ಬಳಿ ಇದ್ದ ಗಂಡನ ಓಡಾಡುವ ಚಿತ್ರ ಅದೊಂದೇ.

“ಮಗಳು ಹೊಸ ಟಿವೀಲಿ ಅದೇ ಸಿನಿಮಾ ಡೌನ್‌ಲೋಡ್ ಮಾಡಿ ಕೊಟ್ಲಲ್ಲ ಅಕ್ಕ?” ಎಂದೆ.

“ಅದೇ ಸಿನಿಮಾ ಕಣಮ್ಮ. ನಮ್ಮವರು ಮಾತ್ರ ಇಲ್ಲ.”

ಡಿಸ್ಕ್‌ನಲ್ಲಿ ಚಿತ್ರದ ಮೇಲೂ ಕೆಳಗೂ ಕಪ್ಪು ಪಟ್ಟಿ ಇರುತ್ತಿತ್ತು. ಪರದೆ ತುಂಬಲಿ ಎಂದು ಡೌನ್‌ಲೋಡಿನವರು ಚಿತ್ರವನ್ನು ಹಿಗ್ಗಿಸಿ ಎರಡೂ ಬದಿ ಕತ್ತರಿಸಿದ್ದರು. ಎಡಗಡೆಯ ಅಂಚಿನಲ್ಲಿದ್ದ ಕಂಡಕ್ಟರು ಕತ್ತರಿಗೆ ಹೋಗಿದ್ದರು.

“ಅಂಚು ಬಿಡದೆ ಕತ್ತರಿಸ್ತಾರಾ ಯಾರಾದ್ರೂ? ನಾನು ಹಾಗೆ ಮಾಡಿದ್ರೆ ಗಿರಾಕಿ ಬಟ್ಟೆ ಮುಖಕ್ಕೆ ಎಸೀತಾರೆ,” ಎಂದರು ಟೈಲರಕ್ಕ. ಆಮೇಲೆ ದನಿ ಇಳಿಸಿ, “ನನ್ನ ಡಿಸ್ಕ್‌ನಲ್ಲಿ ಅವ್ರು ನಡೀತಾ ಬಂದು ನಿಂತ್ಕೋತಾರೆ. ಇಷ್ಟು ಹೊತ್ತು ನನ್ನನ್ನೇ ನೋಡ್ತಾ ನಿಂತಿರ್ತಾರೆ. ಆಮೇಲೆ ಬೇರೆ ಸೀನು. ಗೀರು ಅಂತ ನಂಗೂ ಗೊತ್ತು. ಆದ್ರೂ ನಿಲ್ತಾರಲ್ಲ,” ಎಂದರು.

ಮಾವ ಕಪಾಟಿನಿಂದ ಡಬ್ಬಿ ತೆಗೆದವನು ಮುಚ್ಚಳ ತೆರೆದು ಹಾಗೇ ನಿಂತ. ನಾನು ಬಗ್ಗಿ ನೋಡಿದೆ. ಚೀಟಿಯಲ್ಲಿ ಬರೆದಿತ್ತು: ‘ನಲವತ್ತೇಳನೇ ನಿಮಿಷ. ಸರಿಹೋಯಿತು.’

ಯಾರಾದರೂ ಕೇಳಿದ್ದರೇ ಇವನನ್ನು, ಉಜ್ಜು ಎಂದು? “ಏನೂ ಹೇಳ್ಬೇಡ. ಅಲ್ಲೇ ಇನ್ನೊಂದು ಗೀರು ಎಳೆದುಬಿಡು,” ಎಂದು ಕಿವಿಯಲ್ಲಿ ಉಸುರಿದೆ.

“ಗೀರು ನಾವು ಹೇಳಿದಲ್ಲಿ ಅವ್ರನ್ನ ನಿಲ್ಸಲ್ಲ ಕಣೇ,” ಎಂದ ಮಾವ. ನಂತರ ಟೈಲರಕ್ಕನ ಕಡೆ ತಿರುಗಿದ. “ಅಕ್ಕ, ತಪ್ಪಾಯ್ತು. ನಿಮ್ಮನ್ನ ಕೇಳದೆ ಸರಿಮಾಡಿಬಿಟ್ಟೆ. ಇನ್ಮೇಲೆ ಅವ್ರು ನಿಲ್ಲಲ್ಲ.”

ಟೈಲರಕ್ಕ ಬೈಯಲಿಲ್ಲ. ಬೈದಿದ್ದರೂ ವಾಸಿಯಿತ್ತು. ಸ್ಟೂಲು ಎಳೆದುಕೊಂಡು, “ಹಾಕಿ, ನೋಡೋಣ,” ಎಂದರು.

ಮಾವ ನಲವತ್ತಾರನೇ ನಿಮಿಷಕ್ಕೆ ಹಾಕಿದ. ಪರದೆಯ ನಡುವೆ ನಾಯಕ ನಾಯಕಿ ಏನೋ ಜಗಳವಾಡುತ್ತಿದ್ದರು. ನಾವು ಮೂವರೂ ನೋಡುತ್ತಿದ್ದುದು ಎಡಗಡೆಯ ಅಂಚನ್ನು. ಖಾಕಿ ಅಂಗಿಯ ತೆಳ್ಳನೆಯ ಮನುಷ್ಯ ಟಿಕೆಟ್ ಚೀಲ ಹಿಡಿದು ನಡೆದು ಬಂದರು. ಟೈಲರಕ್ಕನ ಕೈ ಟೇಪಿನ ತುದಿಯನ್ನು ಬಿಗಿಯಾಗಿ ಹಿಡಿಯಿತು. ಆ ಮನುಷ್ಯ ಒಮ್ಮೆ ನಮ್ಮ ಕಡೆ ನೋಡಿದರು, ನಿಲ್ಲಲಿಲ್ಲ. ಜಾರುತ್ತಿದ್ದ ಚೀಲವನ್ನು ಹೆಗಲಿಗೇರಿಸಿಕೊಂಡರು. ಅಂಚಿನಲ್ಲಿ ನಿಧಾನವಾಗಿ ಹೊರಡುತ್ತಿದ್ದ ಬಸ್ಸಿಗೆ ನಾಲ್ಕು ಹೆಜ್ಜೆ ಓಡಿ, ಕಂಬಿ ಹಿಡಿದು ಹತ್ತಿದರು. ಅದೆಲ್ಲ ಟೈಲರಕ್ಕ ಇದುವರೆಗೆ ಕಾಣದ್ದು.

“ಬೇಕಾದ್ರೆ ಹಿಂದಕ್ಕೆ ಹಾಕಿ ರಿಮೋಟಲ್ಲೇ ನಿಲ್ಲಿಸ್ಲಾ ಅಕ್ಕ?” ಮಾವನ ದನಿ ಸಣ್ಣಗಾಗಿತ್ತು.

ಅವರ ಕೆನ್ನೆ ಒದ್ದೆಯಾಗಿತ್ತು. ನನಗೂ ಅಳು ತಡೆಯಲಾಗಲಿಲ್ಲ.

“ಬೇಡ,” ಎಂದರು ಟೈಲರಕ್ಕ. “ಎಂಟು ವರ್ಷ ನಂಗೋಸ್ಕರ ಬಸ್ಸು ಬಿಟ್ಟು ನಿಂತಿದ್ರು. ಹೋಗ್ಲಿ.”

ಮಾವ ರಿಮೋಟನ್ನು ಮೇಜಿನ ಮೇಲಿಟ್ಟ. ಬಸ್ಸು ಮರೆಯಾಗುವವರೆಗೂ ಮೂವರೂ ನೋಡಿದೆವು.